ನಕ್ಕರೆ ನಿಲ್ಲುವ ಶಿಳ್ಳೆ

ಆ ಹಾಸ್ಯ ಕಾರ್ಯಕ್ರಮ ಟೀವಿಯಲ್ಲಿ ಬರುತ್ತಿದ್ದದ್ದು ಗುರುವಾರ ರಾತ್ರಿ ಹನ್ನೊಂದಕ್ಕೆ, ಚಿತ್ರೀಕರಣ ನಡೆಯುತ್ತಿದ್ದದ್ದು ಅವತ್ತೇ ಸಂಜೆ ಐದಕ್ಕೆ. ಮೊದಲ ನಲವತ್ತು ನಿಮಿಷ ಕಾರ್ಯಕ್ರಮ ನಡೆಸಿಕೊಡುವ, ಎಲ್ಲರೂ ಯಜಮಾನ ಎನ್ನುತ್ತಿದ್ದ ನಗೆಗಾರನ ಮಾತು, ಕುಚೋದ್ಯ, ಬಂದವರ ಜೊತೆ ಹರಟೆ. ಕೊನೆಯ ನಾಲ್ಕು ನಿಮಿಷ ಸಂಗೀತ. ಆ ನಾಲ್ಕು ನಿಮಿಷಕ್ಕೆ ಜನ ಹುಡುಕಿ ತರುವ ಕೆಲಸ ಹುಡುಕಮ್ಮನದು. ಅವಳಿಗೆ ಆ ಹೆಸರಿಟ್ಟವನು ಯಜಮಾನನೇ. ಹನ್ನೊಂದು ವರ್ಷದಲ್ಲಿ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಬಾಗಿಲ ಕಾವಲುಗಾರ ಕೂಡ ಹಾಜರಿ ಪುಸ್ತಕದಲ್ಲಿ ಹಾಗೆಯೇ ಬರೆಯುತ್ತಿದ್ದ.

ಹೆಸರು ಮಾಡಿದ ಹಾಡುಗಾರರು ಅಲ್ಲಿಗೆ ಬರುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಯಜಮಾನ ಏನಂದುಬಿಡುತ್ತಾನೋ ಎಂಬ ಅಳುಕು ಎಲ್ಲರಿಗೂ ಇತ್ತು. ಹಾಗಾಗಿ ಹುಡುಕಮ್ಮ ಯಾರೂ ಕೇಳರಿಯದವರನ್ನು ತರುತ್ತಿದ್ದಳು. ಒಮ್ಮೆ ಮೂವರು ಹಲ್ಲಿನ ವೈದ್ಯರು ಬಂದು ಡ್ರಮ್ ಬಾರಿಸಿ ಹೋಗಿದ್ದರು. ಇನ್ನೊಮ್ಮೆ ಕೊಳಾಯಿ ರಿಪೇರಿಯವನೊಬ್ಬ ತಾನೇ ಪೈಪು ಕೊಯ್ದು ಮಾಡಿಕೊಂಡ ಕೊಳಲು ಊದಿದ್ದ, ಆಳೆತ್ತರದ್ದು. ಅದನ್ನು ಲಿಫ್ಟಿನಲ್ಲಿ ತರಲಾಗದೆ ಐದು ಮಹಡಿ ಮೆಟ್ಟಿಲಲ್ಲಿ ಹೊತ್ತು ತಂದಿದ್ದರು. ಅವರೆಲ್ಲ ನಾಲ್ಕು ನಿಮಿಷ ಬೆಳಕಿನಲ್ಲಿ ನಿಂತು, ಬೆವರಿ, ಕೈಮುಗಿದು ಮನೆಗೆ ಹೋಗುತ್ತಿದ್ದರು. ಆಮೇಲೆ ಅವರ ಸುದ್ದಿ ಯಾರಿಗೂ ಬೇಕಿರಲಿಲ್ಲ. ಹುಡುಕಮ್ಮನಿಗೆ ಮಾತ್ರ ಒಬ್ಬೊಬ್ಬರೂ ನೆನಪಿದ್ದರು.

ಹೊಸ ನಿರ್ಮಾಪಕ ಬಂದ ಮೇಲೆ ಎಲ್ಲ ಬದಲಾಯಿತು. ಅವನು ಮೊದಲ ಸಭೆಯಲ್ಲೇ ಗೋಡೆಯ ಮೇಲೆ ಒಂದು ಗೆರೆ ತೋರಿಸಿದ. ಎಷ್ಟು ಜನ ನೋಡುತ್ತಿದ್ದಾರೆ ಎಂಬುದರ ಗೆರೆ ಅದು. ನಲವತ್ತನೇ ನಿಮಿಷದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿದಿತ್ತು.

"ಇಲ್ಲಿ ಜನ ಹಲ್ಲುಜ್ಜೋಕೆ ಎದ್ದು ಹೋಗ್ತಾರೆ," ಎಂದ ನಿರ್ಮಾಪಕ, ಗೆರೆಯ ಮೇಲೆ ಪೆನ್ನು ಕುಟ್ಟುತ್ತ. ಆಮೇಲೆ ಹುಡುಕಮ್ಮನ ಕಡೆ ತಿರುಗಿ, ಮುಂದಿನ ವಾರ ಯಾರು ಎಂದು ಕೇಳಿದ.

ಹುಡುಕಮ್ಮನಿಗೆ ನಲವತ್ತೆಂಟು. ಈ ಕೆಲಸ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಶಿಳ್ಳೆ ಹಾಕುವ ಹೆಂಗಸೊಬ್ಬಳು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಾಳೆ ಎಂದಳು. ಯಾರ ಮುಖವೂ ಅರಳಲಿಲ್ಲ. ಒಬ್ಬ ಆಕಳಿಸಿದ. ಹುಡುಕಮ್ಮನ ನಾಲಿಗೆ ಅವಳ ಕೈಮೀರಿ ಓಡಿತು. ಆ ಹೆಂಗಸೇ ಹೇಳಿದ್ದ ಮಾತನ್ನು, ಬೇರೇನೂ ತೋಚದೆ, ಅಲ್ಲಿ ಚೆಲ್ಲಿಬಿಟ್ಟಳು. ಶಿಳ್ಳೆಗೆ ಇರುವುದು ಒಬ್ಬನೇ ವೈರಿಯಂತೆ, ನಗು. ತುಟಿ ಸ್ವಲ್ಪ ಅಗಲವಾದರೂ ಸಾಕು, ಸ್ವರ ಹೋಗಿ ಬರೀ ಗಾಳಿ ಬರುತ್ತದಂತೆ. ನಗುತ್ತ ಶಿಳ್ಳೆ ಹಾಕುವುದು ಈ ಭೂಮಿಯ ಮೇಲೆ ಯಾರಿಂದಲೂ ಆಗದಂತೆ.

ನಿರ್ಮಾಪಕನ ಪೆನ್ನು ನಿಂತಿತು. ಕೂತಿದ್ದ ನಾಲ್ಕು ಜನ ಬರಹಗಾರರೂ ಒಟ್ಟಿಗೆ ತಲೆಯೆತ್ತಿದರು. ಆಕಳಿಸಿದವನು ತನ್ನ ತುಟಿ ಚೂಪು ಮಾಡಿ, ನಗುತ್ತ ಶಿಳ್ಳೆ ಹಾಕಲು ನೋಡಿ, ಫುಸ್ಸೆಂದು ಗಾಳಿ ಬಿಟ್ಟ. ಎಲ್ಲರೂ ನಕ್ಕರು.

ಐದು ನಿಮಿಷದಲ್ಲಿ ನಿರ್ಧಾರವಾಯಿತು. ಅವಳು ಶಿಳ್ಳೆ ಶುರು ಮಾಡಬೇಕು, ಯಜಮಾನ ಎದುರು ಬಂದು ನಗಿಸಬೇಕು. ಅವಳಿಗೆ ಮೊದಲೇ ಹೇಳಬಾರದು. ಹೇಳಿದರೆ ಮಜಾ ಕೆಡುತ್ತದೆ. ನಿರ್ಮಾಪಕ ಹುಡುಕಮ್ಮನ ಬೆನ್ನು ತಟ್ಟಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಖಾಲಿ ಕುರ್ಚಿಗಳ ನಡುವೆ ತನ್ನ ಕೈಗಳನ್ನೇ ನೋಡುತ್ತ ಕೂತಳು.

ಆ ಹೆಂಗಸನ್ನು ಅವಳು ಕಂಡದ್ದು ಮೂರು ವಾರದ ಹಿಂದೆ. ಕಾರ್ಖಾನೆಯ ಎರಡನೇ ಮಹಡಿ, ನಲವತ್ತು ಯಂತ್ರಗಳು, ಒಂದಕ್ಕೊಂದು ಬೆನ್ನು ಹಾಕಿಕೊಂಡು. ಪಕ್ಕದವರ ಮಾತು ಪಕ್ಕದವರಿಗೇ ಕೇಳದಷ್ಟು ಗದ್ದಲ. ಅಲ್ಲಿ ಎಲ್ಲರೂ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಕೂಗಿದರೆ ಗಂಟಲು ಹರಿಯುತ್ತದೆ, ಎದ್ದು ಹೋದರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಶಿಳ್ಳೆ ಕಲಿತಳು. ನೂಲು ಮುಗಿಯಿತು ಎನ್ನಲು ಒಂದು, ಸೂಜಿ ಮುರಿಯಿತು ಎನ್ನಲು ಒಂದು, ಇಸ್ತ್ರಿಯವನು ಬಟ್ಟೆ ತೆಗೆದುಕೊಂಡು ಹೋಗಲಿ ಎನ್ನಲು ಇನ್ನೊಂದು. ಮೇಲ್ವಿಚಾರಕ ಬರುತ್ತಿದ್ದಾನೆ ಎನ್ನುವುದಕ್ಕಂತೂ ಎರಡು ಬಗೆ, ಒಳ್ಳೆಯ ಮನಸ್ಸಿನಲ್ಲಿ ಬಂದರೆ ಒಂದು, ಮುಖ ಗಂಟಿಕ್ಕಿಕೊಂಡು ಬಂದರೆ ಬೇರೊಂದು. ಬರಬರುತ್ತ ಆ ಚೂರುಗಳನ್ನೆಲ್ಲ ಜೋಡಿಸಿ ಮೂರು ನಿಮಿಷ ಹತ್ತು ಸೆಕೆಂಡಿನ ಒಂದು ರಾಗ ಕಟ್ಟಿದ್ದಳು. ಮೊದಲು ಕೇಳಿದಾಗ ಹುಡುಕಮ್ಮನಿಗೆ ರೋಮಾಂಚನವಾಗಿತ್ತು. ಬೆಳಗ್ಗೆ ಯಂತ್ರಗಳು ಒಂದೊಂದಾಗಿ ಎಚ್ಚರಾಗುವುದೂ ಸಂಜೆ ಒಂದೊಂದಾಗಿ ಸುಮ್ಮನಾಗುವುದೂ ಅದರಲ್ಲಿತ್ತು.

ಮನೆಯಲ್ಲಿ ಅತ್ತೆಯ ಒಪ್ಪಿಗೆ ಬೇಕಿತ್ತು. ಕಾಜಕ್ಕನ ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ಎಪ್ಪತ್ತಾರರ ಹೆಂಗಸು, ಕಡ್ಡಿ ಮುರಿದಂತೆ ಮಾತು. ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳು ಶಿಳ್ಳೆ ಹಾಕಿದರೆ ಮನೆಗೆ ಒಳ್ಳೆಯದಲ್ಲವೆಂದು ಎಷ್ಟೋ ಸಲ ಗದರಿಸಿದ್ದವಳು, ಈಗ ಸೊಸೆ ಪಾತ್ರೆ ತೊಳೆಯುತ್ತ ಶಿಳ್ಳೆ ಹಾಕದಿದ್ದರೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಿದ್ದಳು. ಆಕೆ ಹುಡುಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಪ್ರಶ್ನೆ ಕೇಳಿದ್ದಳು.

"ಅದು ನಗಾಡೋ ಕಾರ್ಯಕ್ರಮ ಅಂತೀರಿ. ನಮ್ಮ ಹುಡುಗೀನ ಆಡಿಕೊಳ್ಳಲ್ಲ ತಾನೇ?"

"ಇಲ್ಲಮ್ಮ. ನಾನಿದ್ದೀನಲ್ಲ," ಎಂದಿದ್ದಳು ಹುಡುಕಮ್ಮ.

ಸಭೆ ಮುಗಿದದ್ದು ಶುಕ್ರವಾರ. ಚಿತ್ರೀಕರಣಕ್ಕೆ ಆರು ದಿನವಿತ್ತು. ಆರು ದಿನವೂ ಅವಳು ಫೋನು ಕೈಗೆತ್ತಿಕೊಂಡಳು. ಒಂದು ದಿನ ನಂಬರು ಒತ್ತಿದಳು ಕೂಡ. ಕಾಜಕ್ಕ ಸಿಕ್ಕಿದಳು, ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿದಳು: ನೀಲಿ ಸೀರೆ ಉಡಲೋ ಹಸಿರೋ, ತುಟಿಗೆ ಬಣ್ಣ ಹಚ್ಚಿದರೆ ಶಿಳ್ಳೆ ಜಾರುತ್ತದೆ, ಹಚ್ಚದಿದ್ದರೆ ನಡೆದೀತೇ, ಮೇಲ್ವಿಚಾರಕರು ಅರ್ಧ ದಿನ ರಜೆ ಕೊಟ್ಟಿದ್ದಾರೆ, ಎಲ್ಲರೂ ಎದ್ದಿದ್ದು ನೋಡುತ್ತಾರಂತೆ. ಹುಡುಕಮ್ಮ ನೀಲಿ ಎಂದಳು. ಬಣ್ಣ ಬೇಡ ಎಂದಳು. ಫೋನು ಇಟ್ಟ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಹಳ ಹೊತ್ತು ನಿಂತಳು.

ಗಂಡನಿಗೆ ಹೇಳಿದಳು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಯಾವ ಮಾತನ್ನೂ ಎರಡು ಸಲ ಓದದೆ ಬಿಡುವವನಲ್ಲ. ಹೇಳಿಬಿಡು ಎಂದ. ಹೇಳಿದರೆ ಅವಳು ಬರುವುದಿಲ್ಲ, ಅವಳು ಬರದಿದ್ದರೆ ನನ್ನ ಕೆಲಸ ಉಳಿಯುವುದಿಲ್ಲ ಎಂದಳು ಇವಳು. ಹಾಗಾದರೆ ಹೇಳಬೇಡ ಎಂದ. ಅದೂ ಅವಳಿಗೆ ಸಮಾಧಾನ ತರಲಿಲ್ಲ. ಊಟದ ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು.

ಗುರುವಾರ ಮೂರೂವರೆಗೆ ಅತ್ತೆ ಸೊಸೆ ಬಂದರು. ಸೊಸೆ ನೀಲಿ ಸೀರೆಯಲ್ಲಿ, ಅತ್ತೆ ಒಂದು ಫ್ಲಾಸ್ಕು ಹಿಡಿದುಕೊಂಡು. ಶಿಳ್ಳೆಗೆ ಮುಂಚೆ ಬೆಚ್ಚನೆಯ ನೀರು ಬೇಕು, ಬೇರೆಯವರ ನೀರು ಆಗಿಬರುವುದಿಲ್ಲ ಎಂದಳು. ಪ್ರಸಾಧನದ ಕೋಣೆಯಲ್ಲಿ ಕನ್ನಡಿಯ ಸುತ್ತ ಬಲ್ಬುಗಳು ಉರಿಯುತ್ತಿದ್ದವು. ಕಾಜಕ್ಕ ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ತಲೆ ತಗ್ಗಿಸುತ್ತಿದ್ದಳು. ಬೆರಳ ತುದಿಗಳಲ್ಲಿ ಸೂಜಿಯ ಹಳೆಯ ಗುರುತುಗಳಿದ್ದವು.

ಹುಡುಕಮ್ಮ ಬಾಗಿಲು ಮುಚ್ಚಿದಳು. ಹೇಳಬೇಕು, ಈಗಲೇ, ಇನ್ನು ತಡಮಾಡಬಾರದು. ಬಾಯಿ ತೆರೆದಳು. ಹೊರಬಂದದ್ದು ಅರ್ಧ ಮಾತ್ರ.

"ನೋಡಿ, ಯಜಮಾನರು ಮಧ್ಯದಲ್ಲಿ ಒಂಚೂರು ತಮಾಷೆ ಗಿಮಾಷೆ ಮಾಡಬಹುದು. ನೀವು ಗಾಬರಿ ಆಗಬೇಡಿ."

ಕಾಜಕ್ಕ ತಲೆಯಾಡಿಸಿದಳು. ತಮಾಷೆ ಕಾರ್ಯಕ್ರಮವಲ್ಲವೇ, ಮಾಡಲಿ ಎಂದಳು. ಮಧ್ಯದಲ್ಲಿ ಎಂದರೆ ಶಿಳ್ಳೆಯ ಮಧ್ಯದಲ್ಲಿ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅತ್ತೆ ಮಾತ್ರ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಹುಡುಕಮ್ಮನ ಮುಖ ನೋಡಿದಳು. ಹುಡುಕಮ್ಮ ಗಡಿಯಾರ ನೋಡುವವಳಂತೆ ಮುಖ ತಿರುಗಿಸಿ ಹೊರಗೆ ಬಂದಳು. ಓಣಿಯಲ್ಲಿ ಯಜಮಾನ ಎದುರಾದ. ಎರಡಾಳು ಹಿಡಿಸುವಂಥ ಅಂಗಿ ತೊಟ್ಟು, ಗುಂಡಿಗಳನ್ನೆಲ್ಲ ತಪ್ಪು ತಪ್ಪಾಗಿ ಹಾಕಿಕೊಂಡಿದ್ದ. ಹೇಗಿದೆ ಎಂದು ಕೇಳಿದ. ಅವಳು ಚೆನ್ನಾಗಿದೆ ಎಂದಳು.

ನಲವತ್ತು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಕಾಜಕ್ಕ ಬೆಳಕಿನ ವೃತ್ತದಲ್ಲಿ ಬಂದು ನಿಂತಾಗ ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅತ್ತೆ ಮೊದಲ ಸಾಲಿನಲ್ಲಿದ್ದಳು. ಹುಡುಕಮ್ಮ ಪರದೆಯ ಮರೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು.

ಮೊದಲ ಶಿಳ್ಳೆ ಹೊರಟಿತು, ತೆಳ್ಳಗೆ, ನೆಟ್ಟಗೆ, ಸೂಜಿಯಿಂದ ನೂಲು ಎಳೆದ ಹಾಗೆ. ಸಭೆ ಗಪ್ಪಾಯಿತು. ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಯಜಮಾನ ಆ ಅಂಗಿಯಲ್ಲಿ ಕುಂಟುತ್ತ ಬಂದು ಎದುರು ನಿಂತು, ಗುಂಡಿಗಳನ್ನು ಬಿಚ್ಚಿ ಹಾಕಿ, ಹಾಕಿ ಬಿಚ್ಚಿ, ಕೊನೆಗೆ ತನ್ನ ಮೂಗನ್ನೇ ಕಾಜಾದೊಳಗೆ ತೂರಿಸಿದ. ಕಾಜಕ್ಕನ ತುಟಿ ಅಗಲವಾಯಿತು. ಫುಸ್ಸೆಂದು ಗಾಳಿ. ಜನ ಬಿದ್ದು ಬಿದ್ದು ನಕ್ಕರು. ಕಾಜಕ್ಕನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಆಮೇಲೆ ತುಟಿ ಒದ್ದೆ ಮಾಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಈ ಸಲ ಜಾಣತನದಿಂದ ಕಣ್ಣು ಮುಚ್ಚಿಕೊಂಡಳು. ಯಜಮಾನ ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಕಣ್ಣು ಮುಚ್ಚಿದರೆ ಕಿವಿ ಇದೆಯಲ್ಲ. ಅವಳ ಕಿವಿಯ ಹತ್ತಿರ ಬಾಯಿ ತಂದು ಹೊಲಿಗೆ ಯಂತ್ರದ ಸದ್ದು ಮಾಡಿದ, ಟರ್‍ರ್ ಎಂದು ಓಡಿ, ಸಿಕ್ಕಿಕೊಂಡು, ಕೆಮ್ಮಿ, ನಿಂತು ಹೋಗುವ ಹಳೆಯ ಯಂತ್ರ. ಕಾಜಕ್ಕನ ಹೆಗಲು ಕುಲುಕಿತು. ಸ್ವರ ಒಡೆಯಿತು. ಮತ್ತೆ ನಗೆಯ ಅಲೆ.

ಮೂರನೆಯ ಸಲ ಶುರು ಮಾಡುವ ಹೊತ್ತಿಗೆ ಎರಡೂವರೆ ನಿಮಿಷ ಮುಗಿದಿತ್ತು. ಯಜಮಾನ ಏನನ್ನೂ ಮಾಡಿರಲಿಲ್ಲ. ಬರೀ ಒಂದು ಹೆಜ್ಜೆ ಮುಂದೆ ಇಟ್ಟಿದ್ದ. ಕಾಜಕ್ಕ ತುಟಿ ಕೂಡಿಸಿದಳು. ಗಾಳಿ ಬಂತು, ಸ್ವರ ಬರಲಿಲ್ಲ. ಮತ್ತೆ ಕೂಡಿಸಿದಳು. ಜನ ನಕ್ಕರು. ಆದರೆ ಅವಳು ನಗುತ್ತಿರಲಿಲ್ಲ. ಅವಳ ಕೆಳದುಟಿ ನಡುಗುತ್ತಿತ್ತು, ಕಣ್ಣಂಚಿನಲ್ಲಿ ನೀರಿತ್ತು. ಮುಂದಿನ ಸಾಲಿನವರಿಗೆ ಅದು ಮೊದಲು ಕಂಡಿತು, ಅಲ್ಲಿಂದ ಹಿಂದಿನವರಿಗೆ. ನಗು ಸಾಲು ಸಾಲಾಗಿ ಆರುತ್ತ ಹೋಯಿತು. ಹುಡುಕಮ್ಮ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾಲ್ಕು ಹೆಜ್ಜೆ ಹಾಕಿದರೆ ಅವಳು ವೇದಿಕೆಯ ಮೇಲಿರುತ್ತಿದ್ದಳು. ಕಾಲು ಏಳಲಿಲ್ಲ.

ಎದ್ದವಳು ಅತ್ತೆ. ಫ್ಲಾಸ್ಕು ಹಿಡಿದುಕೊಂಡೇ ಎದ್ದು ನಿಂತು, ಮನೆಯ ಪಡಸಾಲೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ಸಾಕು ಕಣಪ್ಪ. ಕೂತ್ಕೋ."

ಯಜಮಾನನಿಗೆ ವೇದಿಕೆಯ ಮೇಲೆ ಯಾರೂ ಹಾಗೆ ಹೇಳಿದ್ದಿರಲಿಲ್ಲ. ಅವನು ಒಂದು ಕ್ಷಣ ಬಾಯಿ ತೆರೆದ, ಏನೋ ಚಟಾಕಿ ನಾಲಿಗೆಯ ತುದಿಗೆ ಬಂದಿರಬೇಕು. ಆದರೆ ಸಭೆಯ ಮೌನವನ್ನು ಅವನಷ್ಟು ಚೆನ್ನಾಗಿ ಓದಬಲ್ಲವರು ಯಾರೂ ಇರಲಿಲ್ಲ. ಹೋಗಿ ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಸಮಯ ಮುಗಿಯಿತು. ಮುಕ್ತಾಯದ ವಾದ್ಯ ಮೊಳಗಿತು, ಕ್ಯಾಮೆರಾಗಳ ಕೆಂಪು ದೀಪ ಆರಿತು, ಜನ ಚೀಲ ಹುಡುಕುತ್ತ ಏಳತೊಡಗಿದರು.

ಕಾಜಕ್ಕ ಮಾತ್ರ ಅಲ್ಲಿಂದ ಕದಲಲಿಲ್ಲ. ಅತ್ತೆ ವೇದಿಕೆಯ ಅಂಚಿಗೆ ಹೋಗಿ ಮುಚ್ಚಳದಲ್ಲಿ ನೀರು ಕೊಟ್ಟಳು. ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, ಯಾರೂ ಕೇಳದಿದ್ದರೂ, ಮೊದಲಿನಿಂದ ಶುರು ಮಾಡಿದಳು.

ಎದ್ದವರು ಎಲ್ಲಿದ್ದರೋ ಅಲ್ಲೇ ನಿಂತರು, ಕೆಲವರು ಕೂತರು. ದೀಪದವನು ಆರಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದ. ಮೂರು ನಿಮಿಷ ಹತ್ತು ಸೆಕೆಂಡು ಆ ಶಿಳ್ಳೆ ಎಲ್ಲಿಯೂ ತಡೆಯದೆ ನಡೆಯಿತು. ಒಂದು ಕಡೆ ಮಾತ್ರ ಸ್ವಲ್ಪ ತೆಳುವಾಗಿ, ಮತ್ತೆ ತುಂಬಿಕೊಂಡಿತು. ಮುಗಿದ ಮೇಲೆ ಚಪ್ಪಾಳೆ ಬಂತು. ಕಾಜಕ್ಕ ಅದಕ್ಕೆ ಕಾಯಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಇಳಿದು, ಹುಡುಕಮ್ಮನ ಪಕ್ಕದಲ್ಲೇ ಹಾದು, ಕಣ್ಣೆತ್ತಿ ನೋಡದೆ ಹೊರಟುಹೋದಳು.

ರಾತ್ರಿ ಟೀವಿಯಲ್ಲಿ ಬಂದದ್ದು ನಗು ಮಾತ್ರ. ಎರಡು ಸಲ ಸ್ವರ ಒಡೆದದ್ದು, ಕೊನೆಯಲ್ಲಿ ಅತ್ತೆಯ ‘ಕೂತ್ಕೋ’, ಅಲ್ಲಿಗೆ ಮುಕ್ತಾಯ. ನಡುಗಿದ ತುಟಿಯನ್ನು ನಿರ್ಮಾಪಕ ಕತ್ತರಿಸಿ ತೆಗೆಸಿದ್ದ. ಶುಕ್ರವಾರ ಗೋಡೆಯ ಮೇಲಿನ ಗೆರೆ ಬೀಳುವ ಬದಲು ಏರಿತ್ತು. ಸಭೆಯಲ್ಲಿ ಹುಡುಕಮ್ಮನಿಗೆ ಚಪ್ಪಾಳೆ ತಟ್ಟಿದರು. ಇಂಥವರನ್ನೇ ಇನ್ನೂ ಹುಡುಕು ಎಂದ ನಿರ್ಮಾಪಕ. ಅವಳ ಕೆಲಸ ಉಳಿಯಿತು.

ಸಭಾಂಗಣ ಖಾಲಿಯಾಗುವ ತನಕ ಹಿಂದಿನ ಗೋಡೆಯ ಕ್ಯಾಮೆರಾವನ್ನು ಆರಿಸಬಾರದೆಂದು ಅಲ್ಲಿ ನಿಯಮವಿತ್ತು. ಕೊನೆಯ ಪೂರ್ತಿ ಶಿಳ್ಳೆ ಅದರಲ್ಲಿ ಸಿಕ್ಕಿತ್ತು, ಹುಡುಕಮ್ಮ ದೃಶ್ಯ ಸಂಕಲನ ಮಾಡುವವಳನ್ನು ಬೇಡಿಕೊಂಡು ಅದರ ಪ್ರತಿ ಮಾಡಿಸಿಕೊಂಡಳು. ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಕಾಜಕ್ಕನ ಮನೆಗೆ ಹೋದಳು. ಮೂರನೇ ಮಹಡಿ. ಪ್ರತಿ ಮೆಟ್ಟಿಲಿಗೂ ಹಿಂದಕ್ಕೆ ಹೋಗಿಬಿಡೋಣ ಅನ್ನಿಸುತ್ತಿತ್ತು. ಬಾಗಿಲು ತೆರೆದದ್ದು ಅತ್ತೆ. ಒಳಗೆ ಬಾ ಎನ್ನಲಿಲ್ಲ.

"ನಾನಿದ್ದೀನಲ್ಲ ಅಂದಿದ್ರಿ. ಎಲ್ಲಿದ್ರಿ?"

"ಪರದೆ ಹಿಂದೆ," ಎಂದಳು ಹುಡುಕಮ್ಮ. ಸುಳ್ಳು ಹೇಳಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಒಳಗಿನಿಂದ ಕಾಜಕ್ಕ ಅವರನ್ನು ಬರಹೇಳಿ ಎಂದಳು. ಮಂಚದ ತುದಿಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ನೋಡಿದರಂತೆ. ಶುಕ್ರವಾರ ಬೆಳಗ್ಗೆ ಅವಳು ಒಳಗೆ ಕಾಲಿಟ್ಟ ತಕ್ಷಣ ಯಾರೋ ಬಾಯಲ್ಲಿ ಯಂತ್ರದ ಸದ್ದು ಮಾಡಿದರಂತೆ, ಇನ್ನೊಬ್ಬರು ಫುಸ್ಸೆಂದರಂತೆ. ಕೆಟ್ಟ ಮನಸ್ಸಿನಿಂದ ಅಲ್ಲ, ಸುಮ್ಮನೆ. ಅವತ್ತಿನಿಂದ ನೂಲು ಮುಗಿದರೆ ಅವಳು ಎದ್ದು ಹೋಗಿ ಬಾಯಲ್ಲೇ ಕೇಳಿ ತರುತ್ತಿದ್ದಾಳಂತೆ. ಇದನ್ನೆಲ್ಲ ಬೇರೆಯವರ ವಿಷಯದಂತೆ ಹೇಳಿ ಮುಗಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನಕ್ಕರೆ ಶಿಳ್ಳೆ ಬರಲ್ಲ ಅಂತ ಅವರಿಗೆ ಹೇಳಿದ್ದೇ ನಾನು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಹುಡುಕಮ್ಮ ಮನೆಯಿಂದ ಹೊರಡುವಾಗ ನಾಲ್ಕಾರು ಕಾರಣಗಳನ್ನು ಜೋಡಿಸಿಕೊಂಡು ಬಂದಿದ್ದಳು. ಅವನ್ನೆಲ್ಲ ಬಿಟ್ಟಳು. "ಕೆಲಸ ಹೋಗುತ್ತೆ ಅಂತ ಭಯ ಆಯ್ತು," ಎಂದಳು.

ಕಾಜಕ್ಕ ಪಕ್ಕಕ್ಕಿಟ್ಟಿದ್ದ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಮಡಿಸಿದಳು. "ಅದನ್ನೇ ಫೋನಲ್ಲಿ ಹೇಳಿದ್ರೆ ಆಗ್ತಿತ್ತು," ಎಂದಳು. "ಆ ಭಯ ನನಗೆ ಗೊತ್ತಿಲ್ವಾ? ಇಪ್ಪತ್ತೆರಡು ವರ್ಷದಿಂದ ನಾನೂ ಅದನ್ನೇ ತಿಂದು ಬದುಕ್ತಿದ್ದೀನಿ."

ಹುಡುಕಮ್ಮನಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಇದು ಹಾಗಲ್ಲ. ಅವಳು ತಲೆ ತಗ್ಗಿಸಿ ಅತ್ತಳು. ಅತ್ತೆ ಅವಳ ಮುಂದೆ ನೀರಿನ ಲೋಟವನ್ನು ಕುಕ್ಕಿಟ್ಟಳು, ಕುಡಿಯಿರಿ ಎನ್ನಲಿಲ್ಲ.

ಆಮೇಲೆ ಮೂವರೂ ಆ ದೃಶ್ಯ ನೋಡಿದರು. ದೂರದಿಂದ ತೆಗೆದದ್ದು, ಕಾಜಕ್ಕ ಹೆಬ್ಬೆರಳಿನಷ್ಟೇ ಕಾಣುತ್ತಿದ್ದಳು, ಸುತ್ತ ಅರ್ಧ ಎದ್ದು ನಿಂತ ಜನ. ಕಾಜಕ್ಕ ತೊಡೆಯ ಮೇಲೆ ಬೆರಳು ಕುಟ್ಟುತ್ತ ಕೇಳಿದಳು. ಒಂದು ಕಡೆ ಮುಖ ಕಿವುಚಿದಳು. ಅಲ್ಲಿ ಉಸಿರು ಸಾಲಲಿಲ್ಲ ನೋಡಿ, ಸೂಜಿ ಮುರಿದ ಮೇಲಿನ ತಿರುವಿನಲ್ಲಿ, ಎಂದಳು. ಹುಡುಕಮ್ಮನಿಗೆ ಏನೂ ಗೊತ್ತಾಗಿರಲಿಲ್ಲ.

ಮರುದಿನ ಹುಡುಕಮ್ಮ ನಿರ್ಮಾಪಕನ ಕೋಣೆಗೆ ಹೋಗಿ, ಇನ್ನು ಮುಂದೆ ಬರುವವರಿಗೆಲ್ಲ ಏನು ನಡೆಯುತ್ತದೆಂದು ತಾನು ಮೊದಲೇ ಹೇಳುತ್ತೇನೆ ಎಂದಳು. ಹೇಳುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಹಾಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ ಅವನು. ನೋಡಿ ಎಂದಳು. ಮೂಲೆಯ ಸೋಫಾದಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನ ಪತ್ರಿಕೆ ಇಳಿಸಿದ. ಬೇರೆಯವರು ಬೇಡ, ಇವಳೇ ಇರಲಿ ಎಂದ. ಆಮೇಲೆ ಪತ್ರಿಕೆ ಮಡಿಸುತ್ತ, ಅವತ್ತು ಕೊನೆಯಲ್ಲಿ ಚಿತ್ರೀಕರಣವಾದ ಆ ಹೆಂಗಸಿನ ಪೂರ್ತಿ ಶಿಳ್ಳೆಯನ್ನು ಟೀವಿಯಲ್ಲಿ ಹಾಕಿಬಿಡೋಣ, ಬರುವ ಗುರುವಾರ, ನಾನು ತೆರೆಯ ಮೇಲೆ ಬರುವುದಿಲ್ಲ ಎಂದ. ನಿರ್ಮಾಪಕ ಹುಬ್ಬೇರಿಸಿದ, ಆದರೆ ಯಜಮಾನನ ಮಾತಿಗೆ ಎದುರಾಡುವಂತಿರಲಿಲ್ಲ.

ಈ ಸಲ ಹುಡುಕಮ್ಮ ಕಾಜಕ್ಕನನ್ನು ಮೊದಲೇ ಕೇಳಿದಳು. ಕಾಜಕ್ಕ ಎರಡು ದಿನ ಸಮಯ ಬೇಡಿದಳು. ಆ ಎರಡು ದಿನ ಹುಡುಕಮ್ಮ ಫೋನನ್ನು ಬಚ್ಚಲಿಗೂ ಒಯ್ದಳು. ಬುಧವಾರ ಮಧ್ಯಾಹ್ನ ಕರೆ ಬಂತು.

"ಅದು ಬೇಡ. ಅವತ್ತು ಅಲ್ಲಿದ್ದವರಿಗೆ ಅಂತ ಹಾಕಿದ್ದು ಅದು. ಆ ತಿರುವು ಸರಿ ಮಾಡ್ಕೊಂಡು, ಬರೋ ಹಾಗಿದ್ರೆ ನಾನೇ ಹೇಳ್ತೀನಿ."

ಎಷ್ಟು ದಿನವಾಗಬಹುದು ಎಂದು ಕೇಳುವ ಧೈರ್ಯ ಹುಡುಕಮ್ಮನಿಗೆ ಆಗಲಿಲ್ಲ. ಆಗಲಿ ಎಂದಳು. ಫೋನು ಇಟ್ಟ ಮೇಲೆ ನೆನಪಾಯಿತು: ಕರೆ ಬಂದದ್ದು ಕಾರ್ಖಾನೆಯಿಂದಲೇ, ಹಿಂದೆ ಯಂತ್ರಗಳ ಗದ್ದಲವಿತ್ತು. ಅದರ ನಡುವೆ ಶಿಳ್ಳೆಯೇನಾದರೂ ಕೇಳಿತೇ ಎಂದು ಎಷ್ಟು ನೆನೆಸಿಕೊಂಡರೂ ಅವಳಿಗೆ ಖಾತ್ರಿಯಾಗಲಿಲ್ಲ. ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಅವಳು ಪಟ್ಟಿ ತೆಗೆದು ಮುಂದಿನ ನಂಬರು ಒತ್ತಿದಳು. ಆ ಕಡೆ ಸೈಕಲ್ ಗಂಟೆಗಳನ್ನು ಶ್ರುತಿ ಮಾಡಿ ಬಾರಿಸುವ ಮುದುಕನೊಬ್ಬ ಹಲೋ ಎಂದ. ತನ್ನ ಪರಿಚಯಕ್ಕಿಂತ ಮೊದಲು ಅವಳು, ಅಲ್ಲಿ ನಿಮ್ಮನ್ನು ನೋಡಿ ನಗುವ ಸಾಧ್ಯತೆ ಇದೆ ಎಂದು ಹೇಳಿದಳು, ಆಮೇಲೆ ಉತ್ತರಕ್ಕೆ ಕಾದಳು.